ಮರಣಶಾಸನವಿಲ್ಲದ ಆಸ್ತಿ: ದಾಯಕ್ರಮ ಮತ್ತು ದಾಖಲೆಯ ಕ್ರಮ

‘ದಾಯ’ವೆಂಬುದು ದಾನಾರ್ಥಕವಾದ ‘ದಾ’ ಧಾತುವಿನಿಂದ ನಿಷ್ಪನ್ನವಾದ ಶಬ್ದ. ದಾಯವನ್ನು ಪಡೆಯುವವನು ದಾಯಾದ. ಧರ್ಮಶಾಸ್ತ್ರ ಗ್ರಂಥಗಳಲ್ಲಿ ಈ ಶಬ್ದಕ್ಕೆ ಪಾಲಿಗೆ ಅರ್ಹನಾದ ಬಂಧುವೆಂಬುದೇ ಮುಖ್ಯಾರ್ಥ. ಅದೇ ಶಬ್ದವು ಕನ್ನಡದ ಬಳಕೆಯಲ್ಲಿ ‘ದಾಯಾದಿ’ಯಾಗಿ, ‘ದಾಯಾದಿ ಮತ್ಸರ’ವೆಂಬ ನುಡಿಗೆ ಮೂಲವಾಗಿ, ಹಗೆಯವನೆಂಬ ಅರ್ಥಚ್ಛಾಯೆಯನ್ನು ತಳೆದಿದೆ. ಬಂಧುವಾಚಕವಾದ ಪದವೊಂದು ವೈರವಾಚಕವಾಗಬೇಕಾದರೆ ಅದರ ಹಿಂದೆ ಹಲವು ತಲೆಮಾರುಗಳ ಕಹಿ ಅನುಭವ ಇರಲೇಬೇಕು.

ಆ ಕಹಿಗೆ ಕಾರಣವೇನು? ದುರಾಸೆಯೊಂದನ್ನೇ ಹೊಣೆಯಾಗಿಸುವುದು ಸುಲಭ. ಆದರೆ ಅಷ್ಟರಿಂದಲೇ ಉತ್ತರ ಪೂರ್ಣವಾಗದು. ಮರಣಶಾಸನವನ್ನು ಬರೆದಿಡದೆ ಹಿರಿಯರು ಗತಿಸಿದಾಗ ಅವರ ಆಸ್ತಿ ಯಾರಿಗೆ ಸಲ್ಲುತ್ತದೆ ಎಂಬುದು ಒಂದು ಪ್ರಶ್ನೆ. ಹಾಗೆ ಸಂದದ್ದು ಸರ್ಕಾರದ ದಾಖಲೆಯಲ್ಲಿ ಸೇರುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳುವುದು ಉತ್ತರಾಧಿಕಾರದ ಶಾಸನ. ಎರಡನೆಯದಕ್ಕೆ ಉತ್ತರ ಹೇಳುವುದು ಕಂದಾಯದ ಶಾಸನ. ಇವೆರಡನ್ನೂ ಒಂದೇ ಎಂದು ಭ್ರಮಿಸಿ, ಖಾತೆಯಲ್ಲಿ ಹೆಸರುಳ್ಳವನೇ ಒಡೆಯನೆಂದು ತಿಳಿದು, ಉಳಿದವರನ್ನು ಮರೆತ ಮನೆಗಳಲ್ಲಿಯೇ ಹೆಚ್ಚಿನ ವ್ಯಾಜ್ಯಗಳು ಹುಟ್ಟುತ್ತವೆ. ಆದುದರಿಂದ ಈ ಎರಡು ಕ್ರಮಗಳನ್ನು ಬೇರೆಬೇರೆಯಾಗಿ ಅರಿಯುವುದು ಗೃಹಸ್ಥನಿಗೆ ಅವಶ್ಯಕ.

ಕಲ್ಯಾಣದ ಮಿತಾಕ್ಷರಾ

ಭಾರತದ ದಾಯವಿಚಾರದ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು (೧೦೭೬-೧೧೨೬) ಕಲ್ಯಾಣದಲ್ಲಿ ಆಳುತ್ತಿದ್ದಾಗ, ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಅಲ್ಲಿ ಹುಟ್ಟಿದ ಈ ಗ್ರಂಥವು ಬಂಗಾಳ ಮತ್ತು ಅಸ್ಸಾಮುಗಳನ್ನು ಬಿಟ್ಟು ಉಳಿದ ಭರತಖಂಡದ ಬಹುಭಾಗಕ್ಕೆ ದಾಯವಿಷಯದಲ್ಲಿ ಪ್ರಮಾಣವಾಯಿತು. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ವು ನಡೆಯಿತು.

ವಿಜ್ಞಾನೇಶ್ವರನ ಮತದಲ್ಲಿ, ಒಡೆಯನೊಡನೆ ಇರುವ ಸಂಬಂಧವೊಂದನ್ನೇ ನಿಮಿತ್ತವಾಗಿಸಿಕೊಂಡು ಇನ್ನೊಬ್ಬನದಾಗುವ ಧನವೇ ದಾಯ. ಅದು ಅಪ್ರತಿಬಂಧವೆಂದೂ ಸಪ್ರತಿಬಂಧವೆಂದೂ ಎರಡು ಬಗೆ. ತಂದೆ, ಅಜ್ಜಂದಿರ ಸ್ವತ್ತಿನಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುವುದರಿಂದ ಅದು ಅಪ್ರತಿಬಂಧ. ಸಂತಾನವಿಲ್ಲದ ಚಿಕ್ಕಪ್ಪನ ಸ್ವತ್ತು ಅವನು ಬದುಕಿರುವವರೆಗೆ ಅಣ್ಣನ ಮಗನಿಗೆ ಬಾರದು. ಅಲ್ಲಿ ಒಡೆಯನ ಜೀವಿತವೇ ತಡೆಯಾದುದರಿಂದ ಅದು ಸಪ್ರತಿಬಂಧ. ಜೀಮೂತವಾಹನನಾದರೋ ಜನ್ಮದಿಂದ ಬರುವ ಹಕ್ಕನ್ನು ಒಪ್ಪದೆ, ಒಡೆಯನ ಸ್ವಾಮ್ಯವು ಕೊನೆಗೊಂಡ ಮೇಲೆಯೇ ದಾಯವೆಂದನು. ಸಪಿಂಡತ್ವವನ್ನು ವಿವರಿಸುವಾಗಲೂ ಜೀಮೂತವಾಹನನು ಪಿಂಡಪ್ರದಾನದ ಫಲವನ್ನು ಮುಂದುಮಾಡಿದರೆ, ವಿಜ್ಞಾನೇಶ್ವರನು ಶರೀರಸಂಬಂಧವನ್ನು, ಎಂದರೆ ರಕ್ತದ ಸಾಮೀಪ್ಯವನ್ನು ಆಧಾರವಾಗಿಸಿದನು. ಸ್ತ್ರೀಧನವೆಂಬ ಶಬ್ದಕ್ಕೂ ಅವನು ವಿಶಾಲಾರ್ಥವನ್ನೇ ಹೇಳಿ, ದಾಯದಿಂದಲೋ ಕ್ರಯದಿಂದಲೋ ವಿಭಾಗದಿಂದಲೋ ಸ್ತ್ರೀಗೆ ಬಂದುದೆಲ್ಲವನ್ನೂ ಅದರಲ್ಲಿ ಸೇರಿಸಿದನು.

ಆದರೂ ಒಂದು ಕೊರತೆ ಉಳಿಯಿತು. ಅವಿಭಕ್ತ ಕುಟುಂಬದಲ್ಲಿ ಜನ್ಮಸಿದ್ಧವಾದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಮೀಸಲಾಯಿತು. ಒಬ್ಬ ಸಹಭಾಗಿ ಸತ್ತರೆ ಅವನ ಅಂಶವು ಉಳಿದ ಪುರುಷ ಸಹಭಾಗಿಗಳಲ್ಲಿಯೇ ಲೀನವಾಗುತ್ತಿತ್ತು. ಹೆಂಡತಿಗೂ ಮಗಳಿಗೂ ಅನ್ನವಸ್ತ್ರ, ಮದುವೆಯ ವೆಚ್ಚ ಇವಿಷ್ಟೇ ಗತಿಯಾಯಿತು. ಈ ಕೊರತೆಯನ್ನು ತುಂಬುವ ಕೆಲಸಕ್ಕೆ ಸುಮಾರು ಒಂಬತ್ತು ಶತಮಾನಗಳೇ ಬೇಕಾದವು.

೧೯೫೬ರ ಅಧಿನಿಯಮ

ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಶಾಸನ ಮಾಡಿ, ವಿಧವೆ, ಅವಿವಾಹಿತ ಪುತ್ರಿ ಮೊದಲಾದವರಿಗೆ ಕೆಲವು ಸಂದರ್ಭಗಳಲ್ಲಿ ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯ ಹಕ್ಕಿನ ಶಾಸನ ಬಂದದ್ದು ೧೯೩೭ರಲ್ಲಿ. ಸ್ವಾತಂತ್ರ್ಯಾನಂತರ ದೇಶಕ್ಕೆಲ್ಲ ಅನ್ವಯಿಸುವಂತೆ ಹಿಂದೂ ಉತ್ತರಾಧಿಕಾರ ಅಧಿನಿಯಮವು ೧೯೫೬ರ ಜೂನ್ ೧೭ರಂದು ಜಾರಿಗೆ ಬಂದಿತು. ಅದರ ಎರಡನೆಯ ಪ್ರಕರಣವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಬೌದ್ಧ, ಜೈನ, ಸಿಖ್ಖರಿಗೂ ಅದು ಅನ್ವಯಿಸುತ್ತದೆ. ಮುಸಲ್ಮಾನರಿಗೆ ಅವರ ವೈಯಕ್ತಿಕ ಧರ್ಮಶಾಸ್ತ್ರವೂ ಕ್ರೈಸ್ತರಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಅಧಿನಿಯಮವೂ ಆಧಾರ.

ಪುರುಷನೊಬ್ಬನು ಮರಣಶಾಸನವಿಲ್ಲದೆ ತೀರಿಕೊಂಡರೆ ಅವನ ಪ್ರತ್ಯೇಕ ಆಸ್ತಿಯು ಎಂಟನೆಯ ಪ್ರಕರಣದಂತೆ ಮೊದಲ ವರ್ಗದ ವಾರಸುದಾರರಿಗೆ ಏಕಕಾಲದಲ್ಲಿ ಸೇರುತ್ತದೆ. ಮಗ, ಮಗಳು, ಹೆಂಡತಿ, ತಾಯಿ ಇವರು ಅಲ್ಲಿ ಮುಖ್ಯರು. ತಂದೆಗಿಂತ ಮೊದಲೇ ತೀರಿಕೊಂಡ ಮಗನ ಅಥವಾ ಮಗಳ ಮಕ್ಕಳೂ, ಅಂತಹ ಮಗನ ವಿಧವೆಯೂ ಆ ವರ್ಗದಲ್ಲಿಯೇ ಇದ್ದಾರೆ; ಅವರೆಲ್ಲ ಕೂಡಿ, ಗತಿಸಿದವರು ಬದುಕಿದ್ದರೆ ಪಡೆಯುತ್ತಿದ್ದ ಒಂದು ಪಾಲನ್ನು ಪಡೆಯುತ್ತಾರೆ. ಉಳಿದವರಿಗೆ ತಲೆಗೊಂದು ಪಾಲು. ತಾಯಿಯೂ ಹೆಂಡತಿಯೂ ಮಗನೂ ಮಗಳೂ ಸಮಾನರು. ತಾಯಿಯು ಮೊದಲ ವರ್ಗದಲ್ಲಿದ್ದು ತಂದೆಯು ಎರಡನೆಯ ವರ್ಗದಲ್ಲಿರುವುದು ಹಲವರಿಗೆ ತಿಳಿಯದ ಸಂಗತಿ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಎರಡನೆಯ ವರ್ಗಕ್ಕೆ ಏನೂ ಸಲ್ಲದು. ತಾಯಿಯ ಗರ್ಭದಲ್ಲಿರುವ ಶಿಶುವೂ ಮುಂದೆ ಜೀವಂತವಾಗಿ ಜನಿಸಿದರೆ ವಾರಸುದಾರನೇ. ಆದರೆ ಒಡೆಯನನ್ನು ಕೊಂದವನಿಗೆ ಆ ಆಸ್ತಿಯಲ್ಲಿ ಹಕ್ಕಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಯುಕ್ತ. ಅಜ್ಜನಿಂದ ಬಂದುದೆಲ್ಲವೂ ಪಿತ್ರಾರ್ಜಿತ, ಅದರಲ್ಲಿ ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕು ಎಂಬ ನಂಬಿಕೆ ಊರೂರಲ್ಲಿದೆ. ಅಜ್ಜನ ಸ್ವಯಾರ್ಜಿತವು ೧೯೫೬ರ ನಂತರ ಎಂಟನೆಯ ಪ್ರಕರಣದ ಮೂಲಕ ಮಗನಿಗೆ ಬಂದರೆ ಅದು ಆ ಮಗನ ಪ್ರತ್ಯೇಕ ಆಸ್ತಿಯೇ ಸರಿ. ಅವನು ಜೀವಿಸಿರುವಾಗ ಅದರಲ್ಲಿ ಅವನ ಮಕ್ಕಳಿಗೆ ಪಾಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೮೬ರಲ್ಲಿ ತೀರ್ಮಾನಿಸಿದೆ.

ಮಗಳ ಪಾಲು

ಅವಿಭಕ್ತ ಕುಟುಂಬದ ಆಸ್ತಿಯ ವಿಷಯದಲ್ಲಿ ೧೯೫೬ರ ಶಾಸನವು ಹಳೆಯ ಕ್ರಮವನ್ನು ಅರ್ಧ ಉಳಿಸಿ ಅರ್ಧ ಬದಲಿಸಿತು. ಅದರ ಫಲವನ್ನು ಲೆಕ್ಕದಿಂದ ತಿಳಿಯಬಹುದು. ಒಂಬತ್ತು ಎಕರೆ ಪಿತ್ರಾರ್ಜಿತ ಭೂಮಿಯುಳ್ಳ ಒಬ್ಬ ರೈತನಿದ್ದಾನೆ. ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಎಂದು ಊಹಿಸಿಕೊಳ್ಳಬಹುದು. ಈ ರೈತನು ೧೯೮೦ರಲ್ಲಿ ಗತಿಸಿದ್ದರೆ, ಅವನ ಮರಣಕ್ಕೆ ಮುಂಚಿನ ಕ್ಷಣದಲ್ಲಿ ವಿಭಾಗವಾಯಿತೆಂದು ಭಾವಿಸಿ, ತಂದೆಗೂ ಇಬ್ಬರು ಗಂಡುಮಕ್ಕಳಿಗೂ ತಲಾ ಮೂರು ಎಕರೆ ಎಂದು ಲೆಕ್ಕ ಹಿಡಿಯಬೇಕಾಗಿತ್ತು. ತಂದೆಯ ಮೂರು ಎಕರೆಯನ್ನು ಮೂವರು ಮಕ್ಕಳು ಹಂಚಿಕೊಂಡರೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದೇ ಎಕರೆ. ಇಂದು ಅದೇ ಪರಿಸ್ಥಿತಿಯಲ್ಲಿ ರೈತನು ತೀರಿಕೊಂಡರೆ ಮೂವರಿಗೂ ಮೂರು ಮೂರು ಎಕರೆ.

ಈ ಸಮಾನತೆ ಮೆಟ್ಟಿಲು ಮೆಟ್ಟಿಲಾಗಿ ಬಂದುದು. ಆಂಧ್ರಪ್ರದೇಶವು ೧೯೮೬ರಲ್ಲಿಯೂ ತಮಿಳುನಾಡು ೧೯೮೯ರಲ್ಲಿಯೂ ಮಗಳನ್ನು ಸಹಭಾಗಿಯನ್ನಾಗಿ ಮಾಡಿದವು. ಕರ್ನಾಟಕದ ತಿದ್ದುಪಡಿಯು ೧೯೯೪ರ ಜುಲೈ ೩೦ರಿಂದ ಜಾರಿಗೆ ಬಂದಿತು. ಆದರೆ ಅದಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿಯು ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದು, ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ತೊಡೆದು, ಮಗನಂತೆಯೇ ಮಗಳೂ ಜನ್ಮದಿಂದ ಸಹಭಾಗಿಯೆಂದು ಸಾರಿತು. ಆ ದಿನ ತಂದೆ ಜೀವಂತನಾಗಿರಬೇಕೆ ಎಂಬ ವಿವಾದವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್ ೧೧ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು. ಹಕ್ಕು ಜನ್ಮದಿಂದ ಬಂದುದಾದ ಕಾರಣ ತಂದೆ ಅಂದು ಬದುಕಿರಬೇಕೆಂಬ ನಿಯಮವಿಲ್ಲ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ಕ್ರಮಬದ್ಧವಾಗಿ ನಡೆದ ವಿಭಾಗಗಳಿಗೂ ವಿಕ್ರಯಗಳಿಗೂ ಭಂಗವಿಲ್ಲ. ಬಾಯಿಮಾತಿನ ವಿಭಾಗವಾಗಿತ್ತೆಂಬ ವಾದಕ್ಕೆ ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿದ್ದಲ್ಲಿ ಮಾತ್ರ, ಅಪವಾದವೆಂಬಂತೆ ಮನ್ನಣೆ ದೊರೆಯುತ್ತದೆ.

ಹುಟ್ಟಿನಿಂದಲೇ ಹಕ್ಕು ಎಂಬ ವಿಜ್ಞಾನೇಶ್ವರನ ತತ್ತ್ವವು ಇಲ್ಲಿ ಅಳಿದಿಲ್ಲ. ಅವನು ಪುತ್ರನಿಗೆ ಹೇಳಿದ್ದನ್ನು ಶಾಸನವು ಪುತ್ರಿಗೂ ವಿಸ್ತರಿಸಿದೆ.

ಸ್ತ್ರೀಯ ಆಸ್ತಿ

ಅಧಿನಿಯಮದ ಹದಿನಾಲ್ಕನೆಯ ಪ್ರಕರಣದಂತೆ ಸ್ತ್ರೀಯು ತನ್ನ ಆಸ್ತಿಗೆ ಪೂರ್ಣ ಒಡತಿ. ಆಕೆ ಮರಣಶಾಸನವಿಲ್ಲದೆ ತೀರಿಕೊಂಡರೆ ಮೊದಲು ಮಕ್ಕಳಿಗೂ ಗಂಡನಿಗೂ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೂ, ಅನಂತರ ತಾಯಿತಂದೆಗಳಿಗೂ ಆಸ್ತಿ ಸಲ್ಲುವುದು. ಇದಕ್ಕೆ ಒಂದು ಅಪವಾದವಿದೆ. ತಾಯಿತಂದೆಗಳಿಂದ ದಾಯವಾಗಿ ಬಂದ ಆಸ್ತಿಯು, ಆಕೆಗೆ ಮಕ್ಕಳು ಮೊಮ್ಮಕ್ಕಳಿಲ್ಲದಿದ್ದಲ್ಲಿ, ತಂದೆಯ ವಾರಸುದಾರರಿಗೇ ಹಿಂದಿರುಗುತ್ತದೆ. ಗಂಡನಿಂದ ಅಥವಾ ಮಾವನಿಂದ ಬಂದುದು ಗಂಡನ ವಾರಸುದಾರರಿಗೆ ಹೋಗುತ್ತದೆ. ತವರಿನ ಹೊಲ ತವರಿಗೆ ಎಂಬ ಲೋಕರೂಢಿಗೆ ಶಾಸನವು ಇಷ್ಟರಮಟ್ಟಿಗೆ ಮನ್ನಣೆಯಿತ್ತಿದೆ. ಆದರೆ ಸ್ತ್ರೀಯು ತಾನೇ ದುಡಿದು ಗಳಿಸಿದ್ದು ಈ ಅಪವಾದಕ್ಕೆ ಸೇರದು. ಮಕ್ಕಳಿಲ್ಲದ ವಿಧವೆಯ ಗಳಿಕೆಯು ಮೊದಲು ಗಂಡನ ಕಡೆಯವರಿಗೆ ಸಲ್ಲುತ್ತದೆ. ಆಕೆಯನ್ನು ಸಾಕಿ ಓದಿಸಿದ ತಾಯಿತಂದೆಗಳ ಸರದಿ ಅನಂತರದ್ದು. ನೌಕರಿಯಲ್ಲಿರುವ ಹೆಣ್ಣುಮಕ್ಕಳು ಮರಣಶಾಸನವನ್ನು ಬರೆದಿಡುವುದು ಏಕೆ ಲೇಸೆಂಬುದು ಇದರಿಂದ ವಿದಿತವಾಗುತ್ತದೆ.

ಖಾತೆಯೂ ಹಕ್ಕೂ

ಇನ್ನು ದಾಖಲೆಯ ಕ್ರಮ. ಈ ಕ್ಷೇತ್ರದ ಪದಗಳೇ ನಾಡಿನ ಆಡಳಿತದ ಚರಿತ್ರೆಯನ್ನು ಹೇಳುತ್ತವೆ. ದಾಯ, ವಿಭಾಗ, ವಂಶವೃಕ್ಷಗಳು ಸಂಸ್ಕೃತದವು, ಪಾಲು ದೇಶ್ಯ, ಹಕ್ಕು, ವಾರಸುಗಳು ಅರಬ್ಬೀ ಮೂಲದವು, ಪಹಣಿಯು ಮರಾಠಿಯಿಂದ ಬಂದುದು. ‘ಪೌತಿ’ ಎಂಬುದು ಮರಣವನ್ನು ಸೂಚಿಸುವ ‘ಫೌತ್’ ಎಂಬ ಅರಬ್ಬೀ ಶಬ್ದದ ತದ್ಭವ. ಆದುದರಿಂದ ಪೌತಿ ಖಾತೆಯೆಂದರೆ ಮೃತನ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು ಎಂದಿಷ್ಟೇ ಅರ್ಥ.

ಉತ್ತರಾಧಿಕಾರದ ಹಕ್ಕು ಮರಣದ ಕ್ಷಣದಲ್ಲಿಯೇ ವಾರಸುದಾರರಲ್ಲಿ ನೆಲೆಗೊಳ್ಳುತ್ತದೆ. ಅದಕ್ಕೆ ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿಲ್ಲ. ಖಾತೆಯ ಬದಲಾವಣೆಯು ಕಂದಾಯ ವಸೂಲಿಯ ಅನುಕೂಲಕ್ಕಾಗಿ ಆ ಸಂಗತಿಯನ್ನು ಬರೆದುಕೊಳ್ಳುವ ಕ್ರಿಯೆ ಮಾತ್ರ. ಪಹಣಿಯಲ್ಲಿರುವ ನಮೂದು ಸರಿಯೆಂದು ಮೇಲುನೋಟಕ್ಕೆ ಭಾವಿಸಲ್ಪಡುತ್ತದಾದರೂ, ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಅದರಲ್ಲಿ ಹೆಸರಿಲ್ಲದವರ ಒಡೆತನ ಅಳಿಯುವುದೂ ಇಲ್ಲ. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಹಿರಿಯ ಮಗನೊಬ್ಬನ ಹೆಸರು ಖಾತೆಯಲ್ಲಿ ಐವತ್ತು ವರ್ಷ ಇದ್ದರೂ, ಅಷ್ಟರಿಂದಲೇ ತಂಗಿಯ ಪಾಲು ಅವನದಾಗದು.

ನಾಮನಿರ್ದೇಶನದ ವಿಷಯವೂ ಹೀಗೆಯೇ. ವಿಮೆಯ ಹಣಕ್ಕೆ ನಾಮನಿರ್ದೇಶಿತನಾದವನು ಅದನ್ನು ಸ್ವೀಕರಿಸಲು ಅರ್ಹನೇ ಹೊರತು, ಅಷ್ಟರಿಂದಲೇ ಅದರ ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೮೩ರಲ್ಲಿ ನಿರ್ಣಯಿಸಿತು. ಅನಂತರ ವಿಮಾ ಶಾಸನವು ೨೦೧೫ರಲ್ಲಿ ತಿದ್ದುಪಡಿಯಾಗಿ, ವಿಮೆಯಲ್ಲಿ ಪತಿ, ಪತ್ನಿ, ಮಕ್ಕಳು, ತಾಯಿತಂದೆಗಳು ನಾಮನಿರ್ದೇಶಿತರಾದಾಗ ಅವರಿಗೆ ವಿಶೇಷ ಸ್ಥಾನ ದೊರೆತಿದೆ. ಬ್ಯಾಂಕಿನ ಠೇವಣಿ ಮೊದಲಾದವುಗಳಲ್ಲಿ ಹಳೆಯ ತತ್ತ್ವವೇ ನಡೆಯುತ್ತದೆ. ಅಂತಹ ಹಣ, ಸಾಲಪತ್ರ, ಷೇರುಗಳ ಬಗ್ಗೆ ತೊಡಕು ಬಂದಾಗ ೧೯೨೫ರ ಅಧಿನಿಯಮದಂತೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರವನ್ನು ಪಡೆಯಬಹುದು. ಹೊಲಮನೆಗಳಿಗೆ ಆ ಪ್ರಮಾಣಪತ್ರ ಸಲ್ಲದು.

ದಾಖಲೆಯ ಕ್ರಮ

ಮೊದಲನೆಯದು ಮರಣದ ನೋಂದಣಿ. ಇದನ್ನು ೨೧ ದಿನಗಳೊಳಗೆ ಮಾಡಿಸುವುದು ನಿಯಮ. ಎರಡನೆಯದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿಯನ್ನೂ ಪ್ರಮಾಣಪತ್ರಿಕೆಯನ್ನೂ ಸಲ್ಲಿಸಿದ ಮೇಲೆ ವಿಚಾರಣೆ ನಡೆದು ದೃಢೀಕರಣ ದೊರೆಯುತ್ತದೆ. ಮೂರನೆಯದು ವರದಿ. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೧೨೮ನೆಯ ಪ್ರಕರಣದಂತೆ, ಉತ್ತರಾಧಿಕಾರದಿಂದ ಭೂಮಿಯ ಹಕ್ಕನ್ನು ಪಡೆದವನು ಮೂರು ತಿಂಗಳೊಳಗೆ ಅದನ್ನು ಅಧಿಕಾರಿಗೆ ತಿಳಿಸಬೇಕು. ಅನಂತರ ಆಸಕ್ತರಿಗೆ ತಿಳಿವಳಿಕೆ ಪತ್ರ ಹೋಗಿ, ತಕರಾರು ಬಾರದಿದ್ದರೆ ಹಕ್ಕು ಬದಲಾವಣೆಯ ವಹಿಯಲ್ಲಿ ನಮೂದಾಗಿ ಪಹಣಿಯಲ್ಲಿ ಎಲ್ಲರ ಹೆಸರು ಬರುತ್ತದೆ. ತಕರಾರು ಒಡೆತನಕ್ಕೇ ಸಂಬಂಧಿಸಿದ್ದಾದರೆ ಸಿವಿಲ್ ನ್ಯಾಯಾಲಯವೇ ಅದಕ್ಕೆ ಸ್ಥಾನ. ಮನೆ ನಿವೇಶನಗಳ ಖಾತೆಯು ಗ್ರಾಮ ಪಂಚಾಯಿತಿಯಲ್ಲಿ ಅಥವಾ ನಗರಸಭೆಯಲ್ಲಿ ಬದಲಾಗಬೇಕು.

ಇಷ್ಟಾದರೂ ಆಸ್ತಿ ಜಂಟಿಯಾಗಿಯೇ ಇರುತ್ತದೆ. ಬೇರೆಬೇರೆಯಾಗಬೇಕಾದರೆ ನೋಂದಾಯಿತ ವಿಭಾಗಪತ್ರ ಬೇಕು; ಸರ್ವೆ ನಂಬರಿನ ಒಂದು ಭಾಗವನ್ನು ಬೇರ್ಪಡಿಸುವಾಗ ೧೧-ಇ ನಕ್ಷೆಯೂ ಬೇಕು. ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಬೇಕು. ನೂರು ರೂಪಾಯಿಗೆ ಕಡಿಮೆಯಿಲ್ಲದ ಮೌಲ್ಯದ ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರವು ೧೯೦೮ರ ನೋಂದಣಿ ಅಧಿನಿಯಮದಂತೆ ನೋಂದಣಿಯಾಗಲೇಬೇಕಾದುದರಿಂದ, ಬಿಳಿಯ ಹಾಳೆಯ ಮೇಲೆ ಹಾಕಿಸಿಕೊಂಡ ಹೆಬ್ಬೆಟ್ಟಿನ ಗುರುತು ಸಾಲದು. ತಂದೆ ಬದುಕಿರುವಾಗಲೇ, ಅವನ ಸ್ವಯಾರ್ಜಿತದಲ್ಲಿ ಮುಂದೆ ತನಗೆ ಪಾಲು ಬೇಡವೆಂದು ಮದುವೆಯ ಕಾಲದಲ್ಲಿ ಮಗಳಿಂದ ಬರೆಸಿಕೊಂಡ ಪತ್ರವೂ ಸಾಮಾನ್ಯವಾಗಿ ನಿಲ್ಲದು; ಇನ್ನೂ ಹುಟ್ಟದ ಹಕ್ಕನ್ನು ಬಿಡುವುದೆಂತು? ಅಪ್ರಾಪ್ತವಯಸ್ಕರ ಪ್ರತ್ಯೇಕ ಸ್ಥಿರಾಸ್ತಿಯನ್ನು ಪರಭಾರೆ ಮಾಡಲು ತಾಯಿತಂದೆಗಳಿಗೂ ನ್ಯಾಯಾಲಯದ ಪೂರ್ವಾನುಮತಿ ಬೇಕು.

ವಿಳಂಬದ ಫಲ

ಈ ಕ್ರಮದಲ್ಲಿ ಕಠಿನವಾದುದು ಹೆಚ್ಚೇನೂ ಇಲ್ಲ. ಕೆಡುವುದು ಎರಡು ಕಡೆ: ವಿಳಂಬದಲ್ಲಿ ಮತ್ತು ವಂಶವೃಕ್ಷದಲ್ಲಿ.

ಅಜ್ಜನು ತೀರಿಕೊಂಡಾಗ ಐವರು ವಾರಸುದಾರರಿದ್ದರೆಂದು ಇಟ್ಟುಕೊಳ್ಳಬಹುದು. ಅಂದು ಐದು ಸಹಿ ಸಾಕಾಗಿತ್ತು. ಪಹಣಿ ಅಜ್ಜನ ಹೆಸರಿನಲ್ಲಿಯೇ ಉಳಿದು ಆ ಐವರೂ ತಲಾ ಒಂದು ಸಂಗಾತಿ, ಮೂವರು ಮಕ್ಕಳನ್ನು ಬಿಟ್ಟು ಗತಿಸಿದರೆ ವಾರಸುದಾರರ ಸಂಖ್ಯೆ ಇಪ್ಪತ್ತಾಗುತ್ತದೆ. ಅವರಲ್ಲಿ ಒಬ್ಬರು ಮುಂಬಯಿಯಲ್ಲಿ, ಒಬ್ಬರು ಪರದೇಶದಲ್ಲಿ, ಕೆಲವರು ಪರಸ್ಪರ ಮುಖ ಕಾಣದವರು. ಬೆಳೆಸಾಲ, ಬೆಳೆನಷ್ಟದ ಪರಿಹಾರ, ಭೂಸ್ವಾಧೀನದ ಹಣ ಇವೆಲ್ಲಕ್ಕೂ ಬದುಕಿರುವ ಖಾತೆದಾರನ ಹೆಸರು ಬೇಕಾದಾಗ, ಉಳುವವನು ಸತ್ತವನ ಹೆಸರು ಹಿಡಿದು ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡುವುದು ಇನ್ನೂ ದೊಡ್ಡ ದೋಷ. ‘ಅರಿಸಿನ ಕುಂಕುಮಕ್ಕೆ ಕೊಟ್ಟಾಯಿತು, ಮದುವೆಗೆ ಖರ್ಚು ಮಾಡಾಯಿತು’ ಎಂಬುದು ಅಣ್ಣತಮ್ಮಂದಿರ ಸಮಾಧಾನ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬುದು ಅಕ್ಕತಂಗಿಯರ ಅಂಜಿಕೆ. ಆಕೆ ತಿಳಿದು, ಒಪ್ಪಿ, ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಔದಾರ್ಯ. ಆಕೆಯ ಹೆಸರನ್ನೇ ಬರೆಯದಿದ್ದರೆ ಬಿಟ್ಟುಕೊಡುವ ಔದಾರ್ಯಕ್ಕೂ ಅವಕಾಶವಿಲ್ಲದಂತಾಗುತ್ತದೆ. ಹಾಗೆ ಬಿಟ್ಟು ಮಾಡಿದ ವಂಶವೃಕ್ಷವು ಸುಳ್ಳು ಪ್ರಮಾಣದ ಮೇಲೆ ನಿಂತದ್ದು. ಅದನ್ನು ನಂಬಿ ಕೊಂಡವನೂ ಸಾಲ ಕೊಟ್ಟವನೂ ಮುಂದೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗುತ್ತದೆ.

ಧರ್ಮಕಾರ್ಯಕ್ಕೆ, ವಿದ್ಯಾಸಂಸ್ಥೆಗೆ ಭೂಮಿಯನ್ನು ಕೊಡಬಯಸುವ ದಾನಿಗಳಿಗೂ ಈ ವಿಚಾರ ಅನ್ವಯಿಸುತ್ತದೆ. ಅವಿಭಕ್ತ ಆಸ್ತಿಯಲ್ಲಿ ಒಬ್ಬ ಸಹಭಾಗಿಯು ಉಳಿದವರ ಒಪ್ಪಿಗೆಯಿಲ್ಲದೆ ತನ್ನ ಅವಿಭಕ್ತ ಅಂಶವನ್ನು ದಾನ ಮಾಡಲು ಬಾರದು; ಕುಟುಂಬದ ಯಜಮಾನನಿಗೆ ಧರ್ಮಕಾರ್ಯಕ್ಕಾಗಿ ಇರುವ ಅಧಿಕಾರವೂ ಅಲ್ಪಭಾಗಕ್ಕೆ ಸೀಮಿತ. ಎಲ್ಲ ವಾರಸುದಾರರ ಸಹಿಯೊಡನೆ ಬಂದ ಒಂದು ಎಕರೆಯು, ಒಬ್ಬನ ಸಹಿಯೊಡನೆ ಬಂದ ಹತ್ತು ಎಕರೆಗಿಂತ ಸಂಸ್ಥೆಗೆ ಹೆಚ್ಚು ಕ್ಷೇಮಕರ. ಸ್ವಂತ ಅಂಶವನ್ನು ಮರಣಾನಂತರ ಧರ್ಮಕ್ಕೆ ಕೊಡಬೇಕೆಂಬವರಿಗೆ ಮರಣಶಾಸನವೇ ಉಚಿತ ಮಾರ್ಗ. ಅವಿಭಕ್ತ ಆಸ್ತಿಯ ಅಂಶವನ್ನೂ ಮರಣಶಾಸನದಿಂದ ಕೊಡಲು ೧೯೫೬ರ ಅಧಿನಿಯಮದ ೩೦ನೆಯ ಪ್ರಕರಣವು ಅವಕಾಶವಿತ್ತಿದೆ.

ಹಳ್ಳಿಗಳಲ್ಲಿ ಅರ್ಜಿ ಬರೆಯಲು, ವಂಶವೃಕ್ಷದ ಪಟ್ಟಿಯನ್ನು ಸಿದ್ಧಪಡಿಸಲು ಜನ ಇಂದಿಗೂ ಉಪಾಧ್ಯಾಯರ ಬಳಿಗೆ, ಓದಿದ ಹುಡುಗರ ಬಳಿಗೆ ಬರುತ್ತಾರೆ. ಹಾಗೆ ಬಂದವರನ್ನು ‘ಹೆಣ್ಣುಮಕ್ಕಳೆಷ್ಟು? ಅವರ ಹೆಸರೇನು? ತೀರಿಕೊಂಡವರಿಗೆ ಮಕ್ಕಳಿದ್ದಾರೆಯೆ?’ ಎಂದು ಕೇಳಿ, ಉತ್ತರ ಬರುವವರೆಗೆ ಲೇಖನಿಯನ್ನು ಎತ್ತದಿರುವುದು ವಿದ್ಯಾವಂತರ ಕರ್ತವ್ಯ. ಸೂತಕದ ಮನೆಯಲ್ಲಿ ಆಸ್ತಿಯ ಮಾತೇಕೆ ಎಂಬ ಸಂಕೋಚ ಸಹಜವಾದುದೇ. ಆದರೆ ಮಕ್ಕಳೆಲ್ಲ ಒಂದೇ ಸೂರಿನಡಿ ಸೇರಿ, ಒಬ್ಬರ ಮುಖವನ್ನೊಬ್ಬರು ನೋಡುವ ದಿನಗಳೂ ಅವೇ. ಶಾಸನವು ಕೊಟ್ಟಿರುವ ಮೂರು ತಿಂಗಳ ಅವಧಿಯೊಳಗೆ ಎಲ್ಲರ ಹೆಸರನ್ನೂ ಬರೆದು ವರದಿ ಒಪ್ಪಿಸಿದ ಮನೆಯಲ್ಲಿ ಪಾಲು ಅಂದೇ ಆಗಲಿ, ಹತ್ತು ವರ್ಷಗಳ ಮೇಲೆ ಆಗಲಿ, ಕುಳಿತು ಮಾತನಾಡಿ ತೀರಿಸಬಹುದಾದ ಸಂಗತಿಯಾಗಿಯೇ ಉಳಿಯುತ್ತದೆ.